ಹಣ ಕೊಟ್ಟವರಿಗೇ ಹಾಕಿದ ಬೀಗ

ಕಂಪ್ಯೂಟರ್ ಆಟದ ಕೈಪಿಡಿಯ ಹಿಂಬದಿಯ ರಟ್ಟಿನ ಮೇಲೆ ಅಂಟಿಸಿದ್ದ ಬಿಳಿಯ ಚೀಟಿಯಲ್ಲಿ ಆಟವನ್ನು ತೆರೆಯುವ ಕೀಯ ಇಪ್ಪತ್ತು ಅಕ್ಷರಗಳಿದ್ದವು. ನಾಲ್ಕು ನಾಲ್ಕರಂತೆ ಐದು ಗುಂಪು, ನಡುನಡುವೆ ಅಡ್ಡಗೆರೆ. ಅಚ್ಚಿನ ಮಸಿ ಚೀಟಿಯ ಒಂದು ಬದಿಯಲ್ಲಿ ಸ್ವಲ್ಪ ಹರಡಿಕೊಂಡಿತ್ತು. ನಾನು ಕೀಬೋರ್ಡಿನ ಮುಂದೆ ಕುಳಿತಿದ್ದೆ. ನನ್ನ ತಮ್ಮ ಕಿಟಕಿಯ ಬೆಳಕಿಗೆ ಕೈಪಿಡಿಯನ್ನು ಹಿಡಿದು ಒಂದೊಂದೇ ಅಕ್ಷರವನ್ನು ಓದಿ ಹೇಳುತ್ತಿದ್ದ. ಮೂರನೆಯ ಗುಂಪಿಗೆ ಬಂದಾಗ ತಡೆದು ನಿಂತ. "ಅಣ್ಣ, ಇದು ಎಂಟೋ ಬೀನೋ ಗೊತ್ತಾಗ್ತಿಲ್ಲ" ಎಂದ. ಎಂಟು ಎಂದು ಹಾಕಿದೆವು, ಕೀ ತಪ್ಪಾಗಿದೆ ಎಂಬ ಸಂದೇಶ ಬಂತು. ಬಿ ಎಂದು ಹಾಕಿದೆವು, ಮತ್ತೆ ಅದೇ ಸಂದೇಶ. ಆಮೇಲೆ ನೋಡಿದರೆ ಐದನೆಯ ಗುಂಪಿನಲ್ಲಿ ಸೊನ್ನೆಯೋ ಓ ಅಕ್ಷರವೋ ತಿಳಿಯದ ಇನ್ನೊಂದು ಜಾಗವಿತ್ತು. ಎರಡು ಅನುಮಾನಗಳು ಸೇರಿ ನಾಲ್ಕು ಸಾಧ್ಯತೆಗಳಾದವು, ನಾಲ್ಕನೆಯ ಸಲ ಆಟ ನಮ್ಮನ್ನು ಒಳಗೆ ಬಿಟ್ಟಿತು. ಮುಂದೆ ಮರೆಯಬಾರದೆಂದು ತಮ್ಮ ಆ ಚೀಟಿಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ದೊಡ್ಡ ಬಿ ಮತ್ತು ಒಂದು ದೊಡ್ಡ ಓ ಬರೆದಿಟ್ಟ. ಅದು 2004ರ ಬೇಸಿಗೆ ರಜೆ, ಊರು ದಾವಣಗೆರೆ.

ನಮ್ಮ ಮನೆಗೆ ಬಂದ ಮೊದಲ ಅಸಲಿ ಆಟ ಅದು. ಅದಕ್ಕೂ ಮುಂಚೆ ನಾವು ಆಡಿದ್ದೆಲ್ಲ ಡೂಪ್ಲಿಕೇಟ್ ಸಿ.ಡಿ.ಗಳೇ. ಬೆಂಗಳೂರಿಗೆ ಹೋಗಿಬರುತ್ತಿದ್ದ ಸ್ನೇಹಿತರು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ, ಮಡಚಿದ ಬಣ್ಣದ ಜೆರಾಕ್ಸ್ ಹಾಳೆಯ ಸಮೇತ ತಂದುಕೊಡುತ್ತಿದ್ದರು. ಒಂದಕ್ಕೆ ಅರವತ್ತೋ ಎಂಬತ್ತೋ ರೂಪಾಯಿ. ಅವುಗಳೊಳಗೆ 'ಕ್ರ್ಯಾಕ್' ಎಂಬ ಹೆಸರಿನ ಒಂದು ಫೋಲ್ಡರ್ ಇರುತ್ತಿತ್ತು. ಅದರಲ್ಲಿರುವ ಒಂದು ಫೈಲನ್ನು ಆಟದ ಫೋಲ್ಡರಿಗೆ ಹಾಕಿಬಿಟ್ಟರೆ ಡಿಸ್ಕನ್ನು ಕಪಾಟಿನಲ್ಲಿಟ್ಟು ನೆಮ್ಮದಿಯಾಗಿ ಆಡಬಹುದಿತ್ತು. ಅಪ್ಪ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗುವುದನ್ನು ಸಹಿಸದವರು. ಈ ಸಿ.ಡಿ.ಗಳು ಎಲ್ಲಿಂದ ಬರುತ್ತವೆ ಎಂದು ಒಂದು ದಿನ ಕೇಳಿ ತಿಳಿದುಕೊಂಡು, "ಯಾರೋ ವರ್ಷಗಟ್ಲೆ ಕುಂತು ಮಾಡಿದ್ದು, ಹಿಂಗೆ ತಗಬಾರದು ಕಣೋ" ಎಂದರು. ಮುಂದಿನ ತಿಂಗಳು ತಾವೇ ಬೆಂಗಳೂರಿಗೆ ಹೋದಾಗ ಆರುನೂರ ತೊಂಬತ್ತೊಂಬತ್ತು ರೂಪಾಯಿ ಕೊಟ್ಟು ಪೆಟ್ಟಿಗೆಯ ಸಮೇತ ಆ ಆಟವನ್ನು ತಂದರು. ಆ ಮಾತು ಸರಿ ಎಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಆದರೆ ಆ ಬೇಸಿಗೆಯಲ್ಲಿ ಒಂದು ಸಂಗತಿ ನಮ್ಮಿಬ್ಬರಿಗೂ ಬಿಡಿಸಲಾಗದ ಒಗಟಾಗಿ ಉಳಿಯಿತು. ಅಪ್ಪ ದುಡ್ಡು ಕೊಟ್ಟು ತಂದ ಆಟ ಪ್ರತಿ ಸಲ ಶುರುವಾಗುವಾಗಲೂ ಡಿಸ್ಕ್ ಡ್ರೈವಿನಲ್ಲಿದೆಯೇ ಎಂದು ನೋಡುತ್ತಿತ್ತು, ಇಲ್ಲದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ; ಕೆಲವೊಮ್ಮೆ ಡಿಸ್ಕ್ ಒಳಗಿದ್ದಾಗಲೂ ಅಸಲಿ ಡಿಸ್ಕ್ ಹಾಕಿ ಎಂದು ಕೇಳುತ್ತಿತ್ತು. ಕದ್ದು ಮಾರಿದ ಆಟಗಳು ಮಾತ್ರ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತಿದ್ದವು. ಕಳ್ಳನನ್ನು ತಡೆಯಲೆಂದು ಹಾಕಿದ ಬೀಗ ಯಜಮಾನನನ್ನು ಮಾತ್ರ ಏಕೆ ತಡೆಯುತ್ತದೆ ಎಂಬ ಆ ಪ್ರಶ್ನೆ ಇಪ್ಪತ್ತು ವರ್ಷಗಳಿಂದ ನನ್ನ ಜೊತೆಗೇ ಇದೆ. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ಬೀಗಗಳು ಹೇಗೆ ತಯಾರಾಗುತ್ತವೆ ಎಂದು ಒಳಗಿನಿಂದ ನೋಡಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ.

ಈ ಬೀಗಗಳ ಚರಿತ್ರೆಯನ್ನು ಓದುವಾಗ ನಾನು ಗಮನಿಸುವುದು ಒಂದನ್ನೇ: ಬೀಗದ ಕೈ ಯಾರ ಬಳಿ ಇತ್ತು? ಆರಂಭದ ದಿನಗಳಲ್ಲಿ ಅದು ಕೊಂಡವರ ಮನೆಯಲ್ಲೇ ಇರುತ್ತಿತ್ತು. 1980ರ ದಶಕದ ಇಂಗ್ಲೆಂಡಿನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರಿನ ಕೆಲವು ಆಟಗಳ ಜೊತೆ 'ಲೆನ್ಸ್‌ಲಾಕ್' ಎಂಬ ಸಾಧನ ಬರುತ್ತಿತ್ತು. ಮಡಚಬಹುದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ನಡುವೆ ಸಾಲಾಗಿ ನಿಂತ ಸಣ್ಣ ಪ್ರಿಸಮ್‌ಗಳು. ಆಟ ತನ್ನ ಗುಪ್ತ ಅಕ್ಷರಗಳನ್ನು ಸೀಳಿ ಚೆಲ್ಲಾಪಿಲ್ಲಿಯಾಗಿ ಪರದೆಯ ಮೇಲೆ ತೋರಿಸುತ್ತಿತ್ತು. ಮೊದಲು ಪರದೆಯ ಅಳತೆಗೆ ಚಿತ್ರವನ್ನು ಹೊಂದಿಸಿ, ಆಮೇಲೆ ಒಂದು ಕಣ್ಣು ಮುಚ್ಚಿ ಲೆನ್ಸಿನ ಮೂಲಕ ನೋಡಿದರೆ ಆ ಸೀಳುಗಳು ಕೂಡಿಕೊಂಡು ಅಕ್ಷರಗಳಾಗಬೇಕು. ಆಗ ಪರದೆಯೆಂದರೆ ಮನೆಯ ಟಿ.ವಿ. ಅದು ತೀರಾ ದೊಡ್ಡದಾದರೂ ತೀರಾ ಚಿಕ್ಕದಾದರೂ ಅಕ್ಷರ ಕೂಡುತ್ತಿರಲಿಲ್ಲ. 'ಎಲೀಟ್' ಎಂಬ ಬಹು ಪ್ರಸಿದ್ಧ ಬಾಹ್ಯಾಕಾಶದ ಆಟದ ಕೆಲವು ಪೆಟ್ಟಿಗೆಗಳಿಗಂತೂ ಬೇರೆ ಯಾವುದೋ ಆಟದ ಲೆನ್ಸನ್ನೇ ಹಾಕಿ ಕಳಿಸಿಬಿಟ್ಟಿದ್ದರು. ಅಂಥ ಪೆಟ್ಟಿಗೆಯನ್ನು ಕೊಂಡ ಹುಡುಗನೊಬ್ಬ ಎಷ್ಟು ಸಂಜೆಗಳನ್ನು ಟಿ.ವಿ.ಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕಳೆದಿರಬಹುದು, ತನ್ನ ಕಣ್ಣಿನಲ್ಲೇ ಏನೋ ದೋಷವಿದೆ ಎಂದು ನಂಬಿರಬಹುದು ಎಂದು ಯೋಚಿಸಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅದೇ ಕಾಲದ ಉಳಿದ ಉಪಾಯಗಳಲ್ಲಿ ಒಂದು ಬಗೆಯ ಸೌಜನ್ಯವಿತ್ತು ಎಂದು ಒಪ್ಪಿಕೊಳ್ಳಬೇಕು. 1989ರ 'ಸಿಮ್‌ಸಿಟಿ'ಯ ಜೊತೆ ಕಡುಗೆಂಪು ಕಾಗದದ ಮೇಲೆ ಸಂಕೇತಗಳ ಪಟ್ಟಿ ಬರುತ್ತಿತ್ತು. ಜೆರಾಕ್ಸ್ ಮಾಡಿದರೆ ಹಾಳೆ ಪೂರ್ತಿ ಕಪ್ಪಾಗಲಿ ಎಂಬುದು ಉದ್ದೇಶ. ಆ ಹಾಳೆಯನ್ನು ಓದಲು ಕೊಂಡವರೂ ಕಷ್ಟಪಡಬೇಕಿತ್ತು ಎಂಬುದು ಬೇರೆ ಮಾತು. 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್' ಆಟದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರಗಳಿದ್ದವು. ಕಡಲ್ಗಳ್ಳನ ಮುಖದ ಮೇಲರ್ಧವನ್ನೂ ಕೆಳಗಿನರ್ಧವನ್ನೂ ಹೊಂದಿಸಿದರೆ ಕಿಂಡಿಯಲ್ಲಿ ಒಂದು ಇಸವಿ ಕಾಣುತ್ತಿತ್ತು, ಅದನ್ನು ಆಟಕ್ಕೆ ಹೇಳಬೇಕಿತ್ತು. ನನ್ನ ವಯಸ್ಸಿನ ಅನೇಕ ಕನ್ನಡಿಗರು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕದ್ದುಮುಚ್ಚಿ ಆಡಿದ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿಯೂ ಇಂಥದೊಂದು ಬೀಗವಿತ್ತು. ಮೊದಲ ಹಂತ ಮುಗಿದ ಮೇಲೆ ರಾಜಕುಮಾರ ಒಂದು ಕೋಣೆಗೆ ಬರುತ್ತಾನೆ. ನೆಲದ ಮೇಲೆ ಔಷಧದ ಬಾಟಲಿಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಕೈಪಿಡಿಯ ಇಂತಿಷ್ಟನೆಯ ಪುಟದ ಇಂತಿಷ್ಟನೆಯ ಸಾಲಿನ ಇಂತಿಷ್ಟನೆಯ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿಯನ್ನು ಕುಡಿ ಎಂದು ಪರದೆ ಹೇಳುತ್ತದೆ. ನಮ್ಮ ಲ್ಯಾಬಿನಲ್ಲಿ ಕೈಪಿಡಿ ಇರಲಿಲ್ಲ, ಅಂಥದೊಂದು ಪುಸ್ತಕ ಪ್ರಪಂಚದಲ್ಲಿದೆ ಎಂಬುದೂ ನಮಗೆ ಗೊತ್ತಿರಲಿಲ್ಲ. ಅದೃಷ್ಟದ ಮೇಲೆ ಭಾರ ಹಾಕಿ ಒಂದು ಬಾಟಲಿಯನ್ನು ಕುಡಿಯುತ್ತಿದ್ದೆವು.

ಈ ಉಪಾಯಗಳೆಲ್ಲ ಕಿರಿಕಿರಿಯವೇ. ಕೈಪಿಡಿ ಕಳೆದರೆ ಆಟ ಕಳೆದಂತೆಯೇ. ಆದರೂ ಚಕ್ರವನ್ನು, ಕೆಂಪು ಹಾಳೆಯನ್ನು, ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಆಟ ಇಂದಿಗೂ ತೆರೆಯುತ್ತದೆ. ಮಾಡಿದ ಕಂಪನಿ ಮುಚ್ಚಿದ್ದರೂ, ಅದರ ಯಜಮಾನರು ಬದಲಾಗಿದ್ದರೂ ಚಿಂತೆಯಿಲ್ಲ. ಬೀಗದ ಕೈ ಪೆಟ್ಟಿಗೆಯಲ್ಲೇ ಇದೆ, ಪೆಟ್ಟಿಗೆ ಮನೆಯಲ್ಲೇ ಇದೆ.

'ನೋಂದಣಿ' ಎಂಬ ಮಾತಿಗೂ ಆಗ ಬೇರೆಯೇ ಅರ್ಥವಿತ್ತು. 1990ರ ದಶಕದಲ್ಲಿ ಶೇರ್‌ವೇರ್ ಎಂಬ ಪದ್ಧತಿಯಿತ್ತು. ಆಟದ ಮೊದಲ ಭಾಗವನ್ನು ಉಚಿತವಾಗಿ ಹಂಚುತ್ತಿದ್ದರು. ನೀವು ಆಡಿ, ನಿಮ್ಮ ಸ್ನೇಹಿತರಿಗೂ ಕೊಡಿ, ಇಷ್ಟವಾದರೆ ಹಣ ಕಳಿಸಿ ಹೆಸರು ನೋಂದಾಯಿಸಿ, ಉಳಿದ ಭಾಗಗಳನ್ನು ಕಳಿಸಿಕೊಡುತ್ತೇವೆ ಎನ್ನುತ್ತಿದ್ದರು. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಪ್ರಪಂಚವನ್ನೆಲ್ಲ ಸುತ್ತಿದ್ದು ಹೀಗೆಯೇ. ನಕಲು ಮಾಡುವವರನ್ನೇ ತಮ್ಮ ಪ್ರಚಾರಕರನ್ನಾಗಿ ಮಾಡಿಕೊಂಡ ಆ ವಿಶ್ವಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮಗೆ ಇಂಥ ಆಟಗಳು ಸಿಗುತ್ತಿದ್ದದ್ದು ಡಿಜಿಟ್, ಚಿಪ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ. ಮೊದಲ ಭಾಗ ಮುಗಿದಾಗ ಅಮೆರಿಕದ ಅಂಚೆ ವಿಳಾಸವೂ ಡಾಲರಿನಲ್ಲಿ ಬೆಲೆಯೂ ಪರದೆಯ ಮೇಲೆ ಬರುತ್ತಿದ್ದವು. ದಾವಣಗೆರೆಯ ಹುಡುಗರು ಡಾಲರಿನ ಚೆಕ್ಕನ್ನು ಎಲ್ಲಿಂದ ತರುವುದು? ವಿದೇಶಿ ಪಾವತಿಗೆ ನಡೆಯುವ ಕಾರ್ಡು ನಮಗೆ ಗೊತ್ತಿದ್ದ ಯಾರ ಬಳಿಯೂ ಇರಲಿಲ್ಲ. ನಮ್ಮ ಊರುಗಳಲ್ಲಿ ಡೂಪ್ಲಿಕೇಟ್ ಸಿ.ಡಿ.ಗಳು ಬೆಳೆದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ, ಕೊಡಲು ಮನಸ್ಸಿದ್ದವರಿಗೆ ಕೊಡುವ ದಾರಿಯೇ ಇರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಆಟಗಳು ಸಿ.ಡಿ.ಗೆ ಬಂದ ಮೇಲೆ, ಅದರಲ್ಲೂ ಪ್ರತಿ ಮನೆಗೂ ಸಿ.ಡಿ. ಬರೆಯುವ ಡ್ರೈವ್‌ಗಳು ಬಂದ ಮೇಲೆ, ಬೀಗದ ಕೈ ಪುಸ್ತಕದಿಂದ ಡಿಸ್ಕಿನ ಮೈಗೆ ಸರಿಯಿತು. ಸೇಫ್‌ಡಿಸ್ಕ್, ಸೆಕ್ಯುರಾಮ್ ಎಂಬ ಹೆಸರುಗಳನ್ನು ಆ ಕಾಲದಲ್ಲಿ ಆಡಿದವರು ಮರೆತಿರಲಾರರು. ಸೇಫ್‌ಡಿಸ್ಕ್ ಹಾಕಿದ ಡಿಸ್ಕಿನಲ್ಲಿ ಬೇಕೆಂದೇ ಕೆಡಿಸಿಟ್ಟ, ಸರಿಯಾಗಿ ಓದಲು ಬಾರದ ಜಾಗಗಳಿರುತ್ತಿದ್ದವು. ಮನೆಯ ಡ್ರೈವಿನಲ್ಲಿ ನಕಲು ಮಾಡಿದರೆ ಆ ಕೇಡು ಹಾಗೆಯೇ ನಕಲಾಗುತ್ತಿರಲಿಲ್ಲ, ಅದರಿಂದಲೇ ಇದು ಅಸಲಿಯಲ್ಲ ಎಂದು ಆಟಕ್ಕೆ ಗೊತ್ತಾಗುತ್ತಿತ್ತು. ಸೆಕ್ಯುರಾಮ್ ಡಿಸ್ಕಿನ ಮೇಲೆ ಮಾಹಿತಿ ಎಲ್ಲೆಲ್ಲಿ ಕುಳಿತಿದೆ ಎಂಬ ಭೌತಿಕ ಲಕ್ಷಣಗಳನ್ನು ಅಳೆಯುತ್ತಿತ್ತು. ಎಂಜಿನಿಯರನ ಕಣ್ಣಿನಿಂದ ನೋಡಿದರೆ ಇವು ಜಾಣತನದ ಕೆಲಸಗಳೇ ಸರಿ. ಆದರೆ ಇವು ನಿಂತಿದ್ದ ನೆಲ ಬಹಳ ದುರ್ಬಲವಾದದ್ದು: ಡಿಸ್ಕ್ ಸವೆಯುವುದಿಲ್ಲ, ಡ್ರೈವಿನ ಕಣ್ಣು ಮಂಜಾಗುವುದಿಲ್ಲ, ಮನೆಯಲ್ಲಿ ಧೂಳಿರುವುದಿಲ್ಲ ಎಂಬ ನಂಬಿಕೆ.

ನಮ್ಮ ಮನೆಯಲ್ಲಿ ಧೂಳಿತ್ತು. ಪೂರ್ತಿ ಆಟ ಹಾರ್ಡ್ ಡಿಸ್ಕಿನಲ್ಲೇ ಇದ್ದರೂ ದಿನಕ್ಕೆ ಎರಡು ಮೂರು ಸಲ, ಕೇವಲ ಮುಖ ತೋರಿಸುವುದಕ್ಕಾಗಿ, ಆ ಡಿಸ್ಕನ್ನು ಹೊರತೆಗೆದು ಡ್ರೈವಿಗೆ ಹಾಕಬೇಕಾಗಿತ್ತು. ಎರಡು ವರ್ಷಗಳಲ್ಲಿ ಅದರ ಬೆಳ್ಳಿಯ ಮೈಮೇಲೆ ಉಂಗುರ ಉಂಗುರವಾಗಿ ಗೀರುಗಳು ಬಿದ್ದವು. ತಮ್ಮ ಮೆತ್ತನೆಯ ಪಂಚೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಬಾಯಿಂದ ಊದಿ, ಮತ್ತೆ ಹಾಕಿ ನೋಡುತ್ತಿದ್ದ. ಡ್ರೈವ್ ಒಮ್ಮೆ ಜೋರಾಗಿ ತಿರುಗಿ, ತಡವರಿಸಿ, ಮತ್ತೆ ತಿರುಗಿ ಸುಮ್ಮನಾಗುವ ಸದ್ದಿನಲ್ಲೇ ಇವತ್ತು ಆಟ ತೆರೆಯುತ್ತದೋ ಇಲ್ಲವೋ ಎಂದು ಹೇಳುವಷ್ಟು ನಮಗೆ ಅಭ್ಯಾಸವಾಗಿತ್ತು. ಮುನ್ನೆಚ್ಚರಿಕೆಯಿಂದ ಒಂದು ನಕಲು ಮಾಡಿಟ್ಟುಕೊಂಡಿದ್ದೆವು, ಆಟ ಅದನ್ನು ಒಪ್ಪಲಿಲ್ಲ. ಡಿಸ್ಕಿನ ಪ್ರತಿಬಿಂಬವನ್ನು ಕಂಪ್ಯೂಟರಿನಲ್ಲೇ ಇಟ್ಟು ಡ್ರೈವಿನಂತೆ ನಟಿಸುವ ತಂತ್ರಾಂಶಗಳಿದ್ದವು. ಅವು ಇನ್‌ಸ್ಟಾಲ್ ಆಗಿರುವುದು ಕಂಡರೆ ಸಾಕು, ಅಸಲಿ ಡಿಸ್ಕ್ ಹಾಕಿದ್ದರೂ ಕೆಲವು ಆಟಗಳು ತೆರೆಯುತ್ತಿರಲಿಲ್ಲ.

ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಂ, ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವರು ಅದು ಕಳೆದುಹೋಗಬಹುದು, ಹಾಳಾಗಬಹುದು ಎಂಬ ಕಾರಣಕ್ಕೆ ಒಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳುವುದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. ಕಾನೂನು ಕೊಟ್ಟದ್ದನ್ನು ಡಿಸ್ಕಿನ ಮೈಯಲ್ಲಿದ್ದ ಒಂದು ಕೆಟ್ಟ ಜಾಗ ಕಿತ್ತುಕೊಂಡಿತು. ಇದನ್ನು ನಾನು ಸಣ್ಣ ವಿಷಯ ಎಂದು ಭಾವಿಸುವುದಿಲ್ಲ. ಸಂಸತ್ತು ಒಪ್ಪಿದ ಹಕ್ಕೊಂದನ್ನು, ಯಾರೂ ಚರ್ಚಿಸದ, ಯಾರೂ ಮತ ಹಾಕದ ಒಂದು ತಂತ್ರ ಸದ್ದಿಲ್ಲದೆ ರದ್ದು ಮಾಡಿತ್ತು.

ಇನ್ನೊಂದು ಕೇಡು ಮನೆಯೊಳಗೇ ಕುಳಿತಿತ್ತು. ಸೇಫ್‌ಡಿಸ್ಕ್ ಕೆಲಸ ಮಾಡಲು ವಿಂಡೋಸ್‌ನ ತೀರಾ ಒಳಮನೆಯಲ್ಲಿ ಡ್ರೈವರ್ ಎಂಬ ಒಂದು ಸಣ್ಣ ತಂತ್ರಾಂಶ ಬೇಕಾಗಿತ್ತು, ಅದು ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಬರುತ್ತಿತ್ತು. 2007ರಲ್ಲಿ ಆ ಡ್ರೈವರಿನಲ್ಲಿ ಭದ್ರತೆಯ ಬಿರುಕೊಂದು ಪತ್ತೆಯಾಯಿತು: ಕಂಪ್ಯೂಟರಿನೊಳಗೆ ಸಾಮಾನ್ಯ ಬಳಕೆದಾರನಾಗಿ ಹೊಕ್ಕವನು ಅದರ ಮೂಲಕ ಸರ್ವಾಧಿಕಾರ ಪಡೆಯಬಹುದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಹಾಕಿತು. ಆಟವನ್ನೇ ಆಡದವರ ಕಂಪ್ಯೂಟರಿನಲ್ಲೂ ಆಟದ ಬೀಗ ಒಂದು ಕಳ್ಳಗಿಂಡಿಯಾಗಿ ಕುಳಿತಿತ್ತು ಎಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಆ ಡ್ರೈವರನ್ನು ಕೈಬಿಟ್ಟರು; ಅದೇ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ಹಳೆಯ ವಿಂಡೋಸ್‌ಗಳಲ್ಲಿಯೂ ಅದನ್ನು ನಿಷ್ಕ್ರಿಯಗೊಳಿಸಿತು. ಭದ್ರತೆಯ ದೃಷ್ಟಿಯಿಂದ ಆ ತೀರ್ಮಾನ ಸರಿಯೇ. ಅದರಿಂದಾಗಿ, ಅಂದಿನವರೆಗೆ ಗೀರು ಬೀಳದಂತೆ ಕಾಪಾಡಿಟ್ಟಿದ್ದ ಅಸಂಖ್ಯಾತ ಅಸಲಿ ಡಿಸ್ಕುಗಳು ಒಂದೇ ಏಟಿಗೆ ತೆರೆಯದಾದವು. ಡೂಪ್ಲಿಕೇಟ್ ಸಿ.ಡಿ.ಯ ಕ್ರ್ಯಾಕ್ ಆ ಡ್ರೈವರನ್ನು ಕೇಳುವುದೇ ಇಲ್ಲವಾದ್ದರಿಂದ ಅವಕ್ಕೆ ಆ ತೊಂದರೆ ಬರಲಿಲ್ಲ.

ಮೂರನೆಯ ಘಟ್ಟದಲ್ಲಿ ಬೀಗದ ಕೈ ಮನೆಯನ್ನೇ ಬಿಟ್ಟು ಹೊರಟುಹೋಯಿತು. 2007ರ 'ಬಯೋಶಾಕ್' ಆಟವನ್ನು ಇಂಟರ್ನೆಟ್ಟಿನ ಮೂಲಕ ಆಕ್ಟಿವೇಟ್ ಮಾಡಬೇಕಿತ್ತು, ಅಂದರೆ ಸರ್ವರ್ ಎಂಬ ಕಂಪನಿಯ ದೂರದ ಕಂಪ್ಯೂಟರಿನಿಂದ ಅನುಮತಿ ಪಡೆಯಬೇಕಿತ್ತು; ಅದಕ್ಕೂ ಮೊದಲಿಗೆ ಎರಡೇ ಸಲ ಅವಕಾಶ. ಆಟಗಾರರ ಗಲಾಟೆಯಾದ ಮೇಲೆ ಮಿತಿಯನ್ನು ಐದಕ್ಕೆ ಏರಿಸಿದರು, ಮುಂದಿನ ವರ್ಷ ತೆಗೆದೇಹಾಕಿದರು. 2008ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಹೊರತಂದ 'ಸ್ಪೋರ್'ಗೆ ಮೂರು ಆಕ್ಟಿವೇಷನ್ನುಗಳ ಮಿತಿಯಿತ್ತು. ಒಂದು ಜೀವಕಣದಿಂದ ಹಿಡಿದು ನಕ್ಷತ್ರಗಳವರೆಗೆ ಸೃಷ್ಟಿಯನ್ನೇ ಕೈಗೆ ಕೊಡುವ ಆ ಆಟಕ್ಕೆ ಅಮೆಜಾನಿನಲ್ಲಿ ಸಾವಿರಾರು ಜನ ಒಂದೇ ನಕ್ಷತ್ರ ಕೊಟ್ಟು, ನಾವು ಇದನ್ನು ಕೊಳ್ಳುತ್ತಿದ್ದೇವೆಯೋ ಬಾಡಿಗೆಗೆ ಪಡೆಯುತ್ತಿದ್ದೇವೆಯೋ ಎಂದು ಕೇಳಿದರು. ಆ ಬೀಗವಾದರೂ ತನ್ನ ಕೆಲಸ ಮಾಡಿತೇ ಎಂದರೆ ಅದೂ ಇಲ್ಲ. ಬೀಗ ಮುರಿದ ನಕಲು ಆಟದ ಬಿಡುಗಡೆಗೂ ಮೊದಲೇ ಹೊರಬಿದ್ದಿತ್ತು. ಫೈಲ್ ಹಂಚಿಕೆಯ ಸುದ್ದಿ ಕೊಡುವ ಟೊರೆಂಟ್‌ಫ್ರೀಕ್ ಜಾಲತಾಣ ಪ್ರಕಟಿಸಿದ ಪಟ್ಟಿಯ ಪ್ರಕಾರ ಸುಮಾರು 17 ಲಕ್ಷ ಡೌನ್‌ಲೋಡ್‌ಗಳೊಂದಿಗೆ ಆ ವರ್ಷ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟ ಅದೇ ಆಗಿತ್ತು.

ನನಗೆ ಇದು ಓದಿದ ಸುದ್ದಿ ಮಾತ್ರವಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ, ಅಪ್ಪನ ಮಾತಿನ ನೆನಪಿನಲ್ಲೇ, ಬೇರೊಂದು ಕಂಪನಿಯ ಹೊಸ ಆಟವನ್ನು ಅಂಗಡಿಯಿಂದ ಕೊಂಡು ಊರಿಗೆ ಒಯ್ದಿದ್ದೆ. ಅದಕ್ಕೂ ಮೂರರ ಮಿತಿ. ದಾವಣಗೆರೆಯ ಮನೆಯಲ್ಲಿ ಮೊದಲ ಆಕ್ಟಿವೇಷನ್ ಆಯಿತು. ಮಳೆಗಾಲದ ಒಂದು ರಾತ್ರಿ ವೋಲ್ಟೇಜ್ ಏರಿ ಹಾರ್ಡ್ ಡಿಸ್ಕ್ ಸುಟ್ಟಿತು. ಹೊಸ ಹಾರ್ಡ್ ಡಿಸ್ಕಿಗೆ ಎರಡನೆಯದು ಹೋಯಿತು. ವಿಂಡೋಸನ್ನು ಮತ್ತೆ ಹಾಕಿದಾಗ ಮೂರನೆಯದೂ ಮುಗಿಯಿತು. ಒಂದೇ ಮನೆ, ಒಂದೇ ಮೇಜು, ಆಡುವವರು ಅದೇ ಇಬ್ಬರು ಅಣ್ಣತಮ್ಮಂದಿರು. ಆದರೆ ದೂರದ ಸರ್ವರಿನ ಲೆಕ್ಕದಲ್ಲಿ ನಾವು ಮೂರು ಬೇರೆ ಬೇರೆ ಕಂಪ್ಯೂಟರುಗಳಾಗಿದ್ದೆವು. ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದಾಗ ಖರೀದಿಯ ರಶೀದಿಯ ಚಿತ್ರವನ್ನೂ ಕೀ ಇರುವ ಪುಟದ ಚಿತ್ರವನ್ನೂ ಕಳಿಸಿ ಎಂದರು. ಅಂಗಡಿಯವರು ಕೊಟ್ಟಿದ್ದ ಥರ್ಮಲ್ ಕಾಗದದ ರಶೀದಿ ಅಷ್ಟರಲ್ಲಿ ಅರ್ಧ ಮಾಸಿತ್ತು. ಹನ್ನೊಂದು ದಿನಗಳ ನಂತರ ಒಂದೇ ಒಂದು ಆಕ್ಟಿವೇಷನ್ ಸೇರಿಸಿಕೊಟ್ಟರು. ಆ ಹನ್ನೊಂದು ದಿನ ನನ್ನನ್ನು ಕಾಡಿದ್ದು ಆಟ ಸಿಗದ ಬೇಸರಕ್ಕಿಂತ ಹೆಚ್ಚಾಗಿ, ನಾನು ಕಳ್ಳನಲ್ಲ ಎಂದು ಸಾಕ್ಷ್ಯ ಸಮೇತ ಬರೆದುಕೊಡಬೇಕಾಗಿ ಬಂದ ನೋವು. ಕೆಲವು ವರ್ಷಗಳ ನಂತರ ಆ ಆಕ್ಟಿವೇಷನ್ ಸರ್ವರನ್ನೇ ಮುಚ್ಚಿದರು.

2010ರಲ್ಲಿ ಯೂಬಿಸಾಫ್ಟ್ ಎಂಬ ಆಟದ ಕಂಪನಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 'ಅಸಾಸಿನ್ಸ್ ಕ್ರೀಡ್ 2' ಮತ್ತು 'ಸೈಲೆಂಟ್ ಹಂಟರ್ 5' ಆಟಗಳನ್ನು ಒಬ್ಬರೇ ಆಡುವಾಗಲೂ ಇಂಟರ್ನೆಟ್ ಸಂಪರ್ಕ ನಿರಂತರವಾಗಿರಬೇಕಿತ್ತು, ಕಡಿದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಅದೇ ಮಾರ್ಚ್‌ನಲ್ಲಿ ಯಾರೋ ಆ ಸರ್ವರುಗಳ ಮೇಲೆ ದಾಳಿ ಮಾಡಿದಾಗ ಹಣ ಕೊಟ್ಟವರು ಆಡಲಾಗದೆ ಕುಳಿತರು. 2012ರ ಮೇ 15ರಂದು 'ಡಯಾಬ್ಲೊ 3' ಬಿಡುಗಡೆಯಾದಾಗ ಆಟಗಾರರು ಕಂಡದ್ದು, ಸರ್ವರುಗಳಿಗೆ ಬಿಡುವಿಲ್ಲ ಎಂದು ಹೇಳುವ 'ಎರರ್ 37' ಎಂಬ ಸಂದೇಶ. 2013ರ ಮಾರ್ಚ್‌ನಲ್ಲಿ ಹೊಸ 'ಸಿಮ್‌ಸಿಟಿ' ಬಂದಾಗಲೂ ಅದೇ ಪಾಡು. ಆ ಸಿಮ್‌ಸಿಟಿಯ ಲೆಕ್ಕಾಚಾರಗಳು ಸರ್ವರಿನಲ್ಲಿ ನಡೆಯುತ್ತವೆ, ಆದ್ದರಿಂದ ಸಂಪರ್ಕ ಅನಿವಾರ್ಯ ಎಂದು ಹೇಳಲಾಗಿತ್ತು. ಒಂದು ವರ್ಷದ ನಂತರ ಸಂಪರ್ಕವಿಲ್ಲದೆ ಆಡುವ ಸೌಲಭ್ಯವನ್ನು ಅದನ್ನು ಹೊರತಂದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯೇ ಕೊಟ್ಟಿತು. ದಿನಕ್ಕೆ ನಾಲ್ಕು ಗಂಟೆ ಕರೆಂಟ್ ತೆಗೆಯುತ್ತಿದ್ದ, ಮಳೆ ಬಂದರೆ ಫೋನಿನ ತಂತಿ ಗೊರಗುಟ್ಟಿ ಬ್ರಾಡ್‌ಬ್ಯಾಂಡ್ ಸತ್ತುಹೋಗುತ್ತಿದ್ದ, ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಮಿತಿಯಿಲ್ಲದೆ ಡೌನ್‌ಲೋಡ್ ಮಾಡಬಹುದಾಗಿದ್ದ ಯೋಜನೆಗಳ ಊರಿನಲ್ಲಿ ಕುಳಿತು ಇದನ್ನೆಲ್ಲ ಓದಿದಾಗ, ಈ ಬೀಗಗಳನ್ನು ರೂಪಿಸಿದವರ ಕಣ್ಣಿಗೆ ನಮ್ಮಂಥ ಊರುಗಳು ಬಿದ್ದೇ ಇಲ್ಲ ಎಂದು ಅನ್ನಿಸುತ್ತಿತ್ತು.

ಕದಿಯುವವರಿಂದ ಆಗುವ ನಷ್ಟ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನು ನಿಲ್ಲಲಾರೆ. 2013ರ ಏಪ್ರಿಲ್‌ನಲ್ಲಿ ಇಬ್ಬರು ಸಹೋದರರ ಪುಟ್ಟ ಸಂಸ್ಥೆ ಗ್ರೀನ್‌ಹಾರ್ಟ್ ಗೇಮ್ಸ್, 'ಗೇಮ್ ಡೆವ್ ಟೈಕೂನ್' ಎಂಬ ಆಟವನ್ನು ಹೊರತಂದಿತು. ಅಸಲಿ ಪ್ರತಿಗೆ ಯಾವ ಬೀಗವನ್ನೂ ಹಾಕಲಿಲ್ಲ. ಅದರ ಜೊತೆಗೇ ತಾವೇ ಒಂದು ವಿಶೇಷ ಪ್ರತಿಯನ್ನು, ಜನ ಫೈಲುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಟೊರೆಂಟಿಗೆ ಬಿಟ್ಟರು. ಅದರಲ್ಲಿ ಆಟಗಾರ ಕಟ್ಟಿದ ಗೇಮ್ ಕಂಪನಿ, ಜನ ಆಟಗಳನ್ನು ಕದಿಯುವ ಕಾರಣದಿಂದಲೇ ದಿವಾಳಿಯಾಗುತ್ತಿತ್ತು. ಮೊದಲ ದಿನದ ಕೊನೆಗೆ ಅವರು ಪ್ರಕಟಿಸಿದ ಲೆಕ್ಕದಲ್ಲಿ ಕದ್ದು ಆಡಿದವರು 3104 ಮಂದಿ, ಕೊಂಡವರು 214 ಮಂದಿ. ಆ ಅಂಕಿಗಳನ್ನು ನೋಡಿದಾಗ ಅಪ್ಪನ ಮಾತೇ ನೆನಪಾಯಿತು. ನನ್ನ ಆಕ್ಷೇಪ ಇರುವುದು ಕಳ್ಳತನವನ್ನು ತಡೆಯಬೇಕೆಂಬ ಆಸೆಯ ಮೇಲಲ್ಲ. ತಡೆಯುವ ಹೊರೆಯನ್ನೆಲ್ಲ ಆ 214 ಮಂದಿಯ ತಲೆಯ ಮೇಲೆ ಹೊರಿಸುವ ಪದ್ಧತಿಯ ಮೇಲೆ. 3104 ಮಂದಿ ಎಂದೂ ಆ ಬೀಗವನ್ನು ಮುಟ್ಟುವುದೇ ಇಲ್ಲ, ಯಾರೋ ಒಬ್ಬ ಒಮ್ಮೆ ಮುರಿದುಕೊಟ್ಟದ್ದನ್ನು ಎಲ್ಲರೂ ಪಡೆಯುತ್ತಾರೆ. 2008ರಲ್ಲಿ 'ರೇನ್‌ಬೋ ಸಿಕ್ಸ್ ವೇಗಸ್ 2' ಆಟವನ್ನು ಇಂಟರ್ನೆಟ್ಟಿನಿಂದಲೇ ಕೊಂಡವರಿಗೆ, ಅಂದರೆ ಡಿಸ್ಕೇ ಇಲ್ಲದವರಿಗೆ, ಒಂದು ಅಪ್‌ಡೇಟ್ ಬಂದ ಮೇಲೆ ಡಿಸ್ಕ್ ಹಾಕಿ ಎಂದು ಆಟ ಕೇಳತೊಡಗಿತು. ಪರಿಹಾರವಾಗಿ ಅಧಿಕೃತವಾಗಿಯೇ ಕೊಟ್ಟ ಫೈಲನ್ನು ಆಟಗಾರರು ಬಿಚ್ಚಿ ನೋಡಿದರೆ ಅದು ರೀಲೋಡೆಡ್ ಎಂಬ ಕ್ರ್ಯಾಕ್ ಗುಂಪಿನವರು ಮಾಡಿದ ಫೈಲೇ ಆಗಿತ್ತು. ಬೀಗ ಹಾಕಿದವರೇ ಬೀಗ ತೆಗೆಯಲು ಕಳ್ಳನ ಕೈಯಿಂದ ಕೀಲಿ ತಂದುಕೊಟ್ಟ ಆ ಪ್ರಸಂಗದ ಮುಂದೆ ಬೇರೆ ವಾದ ಬೇಕಿಲ್ಲ.

ಬೇರೆ ದಾರಿಯಿತ್ತೇ ಎಂದು ಕೇಳುವವರಿಗೆ ನಾನು ಪೋಲೆಂಡಿನ ಉದಾಹರಣೆ ಹೇಳುತ್ತೇನೆ. 1990ರ ದಶಕದ ವಾರ್ಸಾದ ಸಂತೆಗಳು ನಮ್ಮ ಊರುಗಳ ಹಾಗೆಯೇ ಡೂಪ್ಲಿಕೇಟ್ ಸಿ.ಡಿ.ಗಳಿಂದ ತುಂಬಿದ್ದವು. 1994ರಲ್ಲಿ ಆರಂಭವಾದ ಸಿ.ಡಿ. ಪ್ರಾಜೆಕ್ಟ್ ಎಂಬ ಸಂಸ್ಥೆ 1999ರಲ್ಲಿ 'ಬಾಲ್ಡರ್ಸ್ ಗೇಟ್' ಆಟವನ್ನು ತನ್ನ ಜನರ ಭಾಷೆಗೆ ತಂದು, ದೊಡ್ಡ ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ, ಸಂಗೀತದ ಸಿ.ಡಿ. ಎಲ್ಲ ಇಟ್ಟು ಮಾರಿತು. ಕದ್ದ ಪ್ರತಿಗಿಂತ ಅಸಲಿ ಪ್ರತಿ ಎಲ್ಲ ರೀತಿಯಲ್ಲೂ ಚೆನ್ನಾಗಿರಬೇಕು ಎಂಬುದೇ ಅವರ ಲೆಕ್ಕ. ಅದೇ ಸಂಸ್ಥೆ 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಅಂಗಡಿಯನ್ನು ತೆರೆದು, ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿಗೆ ಒಗ್ಗಿಸಿ, ಯಾವ ಬೀಗವೂ ಇಲ್ಲದೆ ಮಾರತೊಡಗಿತು. ಆ ಅಂಗಡಿ ಇಂದಿಗೂ ನಡೆಯುತ್ತಿದೆ.

ಈಚೆಗೆ ಪ್ರಶ್ನೆ ಇನ್ನೂ ಗಂಭೀರವಾಗಿದೆ. 2014ರ 'ದಿ ಕ್ರೂ' ಎಂಬ ಕಾರು ಓಡಿಸುವ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದರು. ಅದರಲ್ಲಿ ಒಬ್ಬರೇ ಆಡುವ ಕಥೆಯೂ ಇತ್ತು, ಅದೂ ಮುಚ್ಚಿಹೋಯಿತು. ಕೊಂಡವರ ಖಾತೆಯಿಂದ ಲೈಸೆನ್ಸನ್ನೂ ತೆಗೆದುಹಾಕಿದರು. ಅದರ ಬೆನ್ನಲ್ಲೇ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅಮೆರಿಕದಲ್ಲಿ 2015ರಿಂದ, ದೃಢೀಕರಣದ ಸರ್ವರ್ ಮುಚ್ಚಿದ ಆಟವನ್ನು ಕೊಂಡವರು ಸ್ವಂತಕ್ಕೆ ಆಡಲು ಬೀಗ ತೆಗೆಯುವುದಕ್ಕೆ ಸೀಮಿತವಾದ ವಿನಾಯಿತಿ ಇದೆ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿಯಿಂದ ಬಂದ 65ಎ ಕಲಂ ಬೀಗ ಮುರಿಯುವುದನ್ನು ಶಿಕ್ಷಾರ್ಹಗೊಳಿಸಿದರೂ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶವಿದ್ದರೆ ಎಂಬ ಮಾತನ್ನು ಸೇರಿಸಿದೆ. ಉದ್ದೇಶವನ್ನು ನೋಡಬೇಕು ಎಂಬ ಆ ಮಾತು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಸಾಫ್ಟ್‌ವೇರಿನ ಬೀಗಕ್ಕೆ ಉದ್ದೇಶ ಗೊತ್ತಾಗುವುದಿಲ್ಲ, ಕಾನೂನಿಗೆ ಗೊತ್ತಾಗಬಹುದು.

ಕಳೆದ ಡಿಸೆಂಬರಿನಲ್ಲಿ ತಮ್ಮ ಅಮೆರಿಕದಿಂದ ಮಗಳ ಜೊತೆ ಊರಿಗೆ ಬಂದಿದ್ದ. ಅಟ್ಟದ ಮೇಲಿನ ರಟ್ಟಿನ ಡಬ್ಬವನ್ನು ಇಳಿಸಿ ಹಳೆಯ ಆಟಗಳನ್ನು ಹರಡಿಕೊಂಡು ಕುಳಿತಿದ್ದಾಗ ಆ ಹುಡುಗಿ 2004ರ ಕೈಪಿಡಿಯನ್ನು ತಿರುವಿ, "ದೊಡ್ಡಪ್ಪ, ಇಲ್ಲಿ ಬಿ, ಓ ಅಂತ ಯಾಕೆ ಬರ್ದಿದೆ?" ಎಂದು ಕೇಳಿದಳು. ಅವಳಪ್ಪ ಆ ಮಧ್ಯಾಹ್ನದ ಕಥೆಯನ್ನು ಪೂರ್ತಿ ಹೇಳಿದ. ಡಿಸ್ಕ್ ಹಾಕಿ ನೋಡಿದೆವು, ಈಗಿನ ಕಂಪ್ಯೂಟರಿನಲ್ಲಿ ಅದು ತೆರೆಯಲಿಲ್ಲ. ಅದೇ ಆಟ ಗುಡ್ ಓಲ್ಡ್ ಗೇಮ್ಸ್‌ನಲ್ಲಿ ಸಿಕ್ಕಿತು. ಇನ್ನೊಮ್ಮೆ ಹಣ ಕೊಟ್ಟು ಕೊಂಡೆ. ಇಳಿಸಿಕೊಂಡ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅದನ್ನು ಹಳೆಯ ಪೆಟ್ಟಿಗೆಯೊಳಗೆ ಕೈಪಿಡಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಮೊದಲ ಸಂಬಳದ ಆಟ ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದನ್ನು ಮಾಡಿದ ಕಂಪನಿಗೆ ಕಳೆದ ವಾರ ಮತ್ತೆ ಬರೆದಿದ್ದೇನೆ. ಬಹುತೇಕ ಬೆಳ್ಳಗಾಗಿಹೋಗಿರುವ ರಶೀದಿಯ ಚಿತ್ರವನ್ನೂ, ಕೀ ಇರುವ ಪುಟದ ಚಿತ್ರವನ್ನೂ ಈ ಸಲವೂ ಲಗತ್ತಿಸಿದ್ದೇನೆ.